ಲಯ ತಪ್ಪಿದ ಸಾಲುಗಳು

ಮಹಾನಂದಾ,

ನೀನು ತೀರಿಕೊಂಡ ಮೇಲೆ ಅಚ್ಚಾದ ನಿನ್ನ ಕವನ ಸಂಕಲನ ಇವತ್ತು ಸುರಪುರದಲ್ಲಿ ಬಿಡುಗಡೆಯಾಯಿತು. ಪುಸ್ತಕದ ಬಗ್ಗೆ ಮಾತಾಡಿದವನು ನಾನೇ. ಸಾಲುಗಳು ನಡುನಡುವೆ ನಿಂತುಬಿಡುತ್ತವೆ, ಲಯ ತಪ್ಪಿದೆ ಎಂದೆ. ನೀನಿದ್ದಾಗಲೂ ಅದನ್ನೇ ಅನ್ನುತ್ತಿದ್ದೆನಲ್ಲ.

ಆಮೇಲೆ ನಿಮ್ಮ ಮನೆಯಲ್ಲಿ ಊಟ. ನಿಮ್ಮವ್ವ ಒಲೆಯ ಮುಂದೆ ಕೂತು ಜೋಳದ ರೊಟ್ಟಿ ಬಡಿಯುತ್ತಿದ್ದರು. ಟಪಟಪ ಸದ್ದು, ಹಿಟ್ಟು ಉದುರಿಸಲು ಒಂದು ತಡೆ, ಮತ್ತೆ ಟಪಟಪ. ಆ ಬಡಿತಕ್ಕೆ ಸರಿಯಾಗಿ ನಿನ್ನ ಸಾಲುಗಳು ಹೊಗೆಯೊಳಗಿಂದ ಒಂದೊಂದಾಗಿ ಎದ್ದು ಬಂದವು. ಲಯ ಎಲ್ಲಿಯೂ ತಪ್ಪಲಿಲ್ಲ.

"ಇಲ್ಲೇ ನನ್ನ ಬಾಜೂಕ ಕುಂತು ಬರೀತಿದ್ದಳ್ರಿ. ಹೆಂಗೈತ್ರಿ ಪುಸ್ತಕ, ಮಾಸ್ತರ?" ಅಂದರು.

"ಇನ್ನೊಂದು ರೊಟ್ಟಿ ಬಡೀರಿ, ಅವ್ವಾ" ಅಂದೆ.

ಹೊಟ್ಟೆ ಆಗಲೇ ತುಂಬಿತ್ತು.