ಎಡ ಸೊಂಟದ ಪಿಸ್ತೂಲು

ಶೆರಿಫ್ ಕೋಂಬ್ಸ್ ಅವರಿಗೆ,

ಪಿಸ್ತೂಲನ್ನು ಕೋಟಿನೊಳಗೆ ಮರೆಮಾಡಿ ಒಯ್ಯುವ ಪರವಾನಗಿಗೆ ಅರ್ಜಿ ಹಾಕಿದ್ದೇನೆ. ತರಬೇತಿಯಲ್ಲಿ ನನ್ನ ಗುರಿ ತಪ್ಪಲಿಲ್ಲ. ಆದರೂ ಮಾಸ್ತರರು ತಕರಾರು ತೆಗೆದರು: "ಅಲ್ಲ ಅಜ್ಜಿ, ಬಲಗೈಯವರು ಎಡಕ್ಕೆ ಕಟ್ಕೊಂಡ್ರೆ ಹೆಂಗೆ? ನೀವು ಅದನ್ನ ತೆಗೆಯೋ ಹೊತ್ತಿಗೆ ಕಳ್ಳ ಊಟ ಮುಗಿಸಿ ಹೋಗಿರ್ತಾನೆ!"

ನಮ್ಮ ಯಜಮಾನರು ಡೆಲ್ಮರ್‌ಗೆ ಎಡಗಿವಿ ಕೇಳಿಸುತ್ತಿರಲಿಲ್ಲ. ಮಾತಾಡಿಕೊಂಡು ನಡೆಯಲು ನಾನು ಸದಾ ಅವರ ಬಲಕ್ಕಿರುತ್ತಿದ್ದೆ. ಅವರ ಕೋಟಿನಡಿಯ ಪಿಸ್ತೂಲು ಹೆಜ್ಜೆಹೆಜ್ಜೆಗೂ ನನ್ನ ಎಡ ಸೊಂಟಕ್ಕೆ ಬಡಿಯುತ್ತಿತ್ತು. "ಇದೊಂದು ಕಾಟ, ಮನೇಲಿಟ್ಟು ಬರಬಾರದೇನ್ರೀ?" ಎಂದು ಗೊಣಗುತ್ತಿದ್ದೆ.

ಅವರು ತೀರಿಕೊಂಡ ಮೇಲೆ ಪೇಟೆಗೆ ಒಬ್ಬಳೇ ನಡೆಯುತ್ತೇನೆ. ಎಡಗಡೆ ಬರೀ ಗಾಳಿ.

ನನಗೆ ಯಾರ ಹೆದರಿಕೆಯೂ ಇಲ್ಲ. ಗುಂಡು ತುಂಬುವುದೂ ಇಲ್ಲ. ಎಡಕ್ಕೇ ಕಟ್ಟಿಕೊಳ್ಳಲು ದಯವಿಟ್ಟು ಅಪ್ಪಣೆ ಕೊಡಿ.

ನಿಮ್ಮ ಉತ್ತರಕ್ಕೆ ಕಾದಿರುವ,
ಲೂರೀನ್ ಟ್ಯಾಕೆಟ್
ಕೆಂಟಕಿ