ವಂಶವೃಕ್ಷದಲ್ಲಿ ಇಲ್ಲದ ಇಬ್ಬರು

ಚಿಕಿತ್ಸಾ ಆಯ್ಕೆ ಸಮಿತಿಯ ಮಾನ್ಯ ಅಧ್ಯಕ್ಷರೇ,

ನನ್ನ ಮಗಳು ದೀಪ್ತಿಯ ಕಾಯಿಲೆ ವಂಶಪಾರಂಪರ್ಯದ್ದಲ್ಲ ಎಂದು ತೀರ್ಮಾನಿಸಿ ತಾವು ಅರ್ಜಿ ತಿರಸ್ಕರಿಸಿದ್ದೀರಿ. ಅವಳಿಗಿರುವುದು ಸಿಸ್ಟಿಕ್ ಫೈಬ್ರೋಸಿಸ್. ಹತ್ತೊಂಬತ್ತು ವರ್ಷಗಳಿಂದ ಶ್ವಾಸಕೋಶದಲ್ಲಿ ಅಂಟಿನಂಥ ಕಫ ಕಟ್ಟುತ್ತಿದೆ. ಸರಿಯಾದ ಜೀನನ್ನು ಆವಿಯ ರೂಪದಲ್ಲಿ ಉಸಿರಿನೊಂದಿಗೇ ಒಳಗೆ ತಲುಪಿಸುವ ಹೊಸ ಚಿಕಿತ್ಸೆಯ ಪ್ರಯೋಗಕ್ಕೆ ಅವಳನ್ನು ಸೇರಿಸಿಕೊಳ್ಳಿ ಎಂದು ಕೇಳಿದ್ದೆ. ಗುಣವಾಗುತ್ತದೆಂದು ಯಾರೂ ಮಾತು ಕೊಟ್ಟಿಲ್ಲ. ಆದರೂ ಅವಳಿಗೆ ಉಳಿದಿರುವ ದಾರಿ ಅದೊಂದೇ. ಪಟ್ಟಿ ಮುಚ್ಚಲು ಇನ್ನು ಹನ್ನೊಂದು ದಿನವಿದೆ.

ಅರ್ಜಿಯ ಜೊತೆ ಜೀನ್ ಪರೀಕ್ಷೆಯ ವರದಿ ಇಟ್ಟಿದ್ದೆ. ಅಪ್ಪನಿಂದ ಒಂದು, ಅಮ್ಮನಿಂದ ಒಂದು, ಎರಡೂ ಕೆಟ್ಟ ಜೀನೇ ಬಂದಿವೆ ಎಂದು ಅದರಲ್ಲಿ ಸ್ಪಷ್ಟವಾಗಿದೆ. ಆದರೆ ಲ್ಯಾಬಿನ ಮಾತಿಗೆ ಸರ್ಕಾರಿ ಮೊಹರು ಇರುವುದಿಲ್ಲವಲ್ಲ! ನಾಡಕಚೇರಿಯ ವಂಶವೃಕ್ಷ ತನ್ನಿ ಎಂದಿರಿ, ತಂದುಕೊಟ್ಟೆ. 'ಕುಟುಂಬದಲ್ಲಿ ಸದರಿ ಕಾಯಿಲೆಯಿಂದ ಮೃತಪಟ್ಟವರು ಕಂಡುಬರುವುದಿಲ್ಲ' ಎಂದು ಷರಾ ಬರೆದಿರಿ. ಹೇಗೆ ಕಂಡುಬಂದಾರು ಸ್ವಾಮಿ? ವಂಶವೃಕ್ಷ ಇರುವುದು ಜಮೀನಿನ ಹಕ್ಕು ತೋರಿಸುವುದಕ್ಕೆ. ಕಫಕ್ಕೆ ಪಹಣಿ ಉಂಟೇ?

ನನ್ನ ತಾಯಿ ಶೇಷಮ್ಮನಿಗೆ ನನಗಿಂತ ಮೊದಲು ಇಬ್ಬರು ಹೆಣ್ಣುಮಕ್ಕಳು ಹುಟ್ಟಿ, ಹೆಸರಿಡುವ ಮೊದಲೇ ಕೆಮ್ಮಿ ಕೆಮ್ಮಿ ತೀರಿಕೊಂಡರು. ಅಪ್ಪ ಹೋದ ಮೇಲೆ ಖಾತೆ ಬದಲಾವಣೆಗೆ ವಂಶವೃಕ್ಷ ಬೇಕಾಯಿತು. ಸತ್ತ ಕೂಸುಗಳನ್ನು ಬರೆಸಿದರೆ ಅವುಗಳ ಮರಣಪತ್ರ ಕೇಳುತ್ತಾರೆ, ಯಾಕೆ ರಗಳೆ ಎಂದು ಊರವರೆಲ್ಲ ಮಾಡುವಂತೆ ನಾನೂ 'ಬೇರೆ ಮಕ್ಕಳು ಹುಟ್ಟಿಲ್ಲ' ಎಂದು ಪ್ರಮಾಣ ಮಾಡಿ ಸಹಿ ಹಾಕಿದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ. ತಪ್ಪು ನನ್ನದು, ಬರೆ ಮಗಳಿಗೆ. ನೆನೆದರೆ ನಾಚಿಕೆಯಾಗುತ್ತದೆ.

ತಮ್ಮ ಪತ್ರ ಓದಿ ಹೇಳಿದಾಗ ಎಂಬತ್ನಾಲ್ಕರ ಅಮ್ಮ ಅಂದಳು: "ಮುತ್ತು ಕೊಟ್ರೆ ಆ ಎರಡು ಕೂಸಿನ ಹಣೆನೂ ಉಪ್ಪುಪ್ಪು ಮಾರಾಯ. ದೀಪ್ತಿದೂ ಹಂಗೇ ಇತ್ತು. ಬೇಕಾರೆ ನಾನೇ ಬಂದು ಹೆಬ್ಬೆಟ್ಟು ಒತ್ತಿ ಹೇಳ್ತೀನಿ."

ಬೆವರಿನ ಉಪ್ಪೇ ಈ ಕಾಯಿಲೆಯ ಗುರುತು ಎಂದು ದೀಪ್ತಿಯ ಡಾಕ್ಟರು ನಮಗೆ ಹೇಳಿದ್ದು ಹದಿನಾರು ವರ್ಷದ ಹಿಂದೆ. ಅಮ್ಮನಿಗೆ ಅದಕ್ಕೂ ನಲವತ್ತು ವರ್ಷ ಮೊದಲೇ ಗೊತ್ತಿತ್ತು, ಕೇಳಿದವರಿರಲಿಲ್ಲ. ನಾನೂ ಕೇಳಲಿಲ್ಲ.

ಆದ್ದರಿಂದ ಸುಳ್ಳು ಪ್ರಮಾಣಕ್ಕಾಗಿ ನನ್ನ ಮೇಲೆ ಕೇಸು ಹಾಕಿಸಿ. ತೀರ್ಪಿನವರೆಗೆ ಕಾಯಬೇಡಿ, ಈ ಪತ್ರವೇ ತಪ್ಪೊಪ್ಪಿಗೆ. ಅದಕ್ಕೆ ತಮ್ಮ ಮೊಹರನ್ನೇ ಒತ್ತಿ ದೀಪ್ತಿಯ ಕಡತಕ್ಕೆ ಸೇರಿಸಿ, ಹನ್ನೊಂದು ದಿನದೊಳಗೆ ಅವಳ ಹೆಸರನ್ನು ಪಟ್ಟಿಗೆ ಬರೆಯಿರಿ.

ಇಂತಿ,
ದಾಖಲೆಗಳ ಪ್ರಕಾರ ಶೇಷಮ್ಮನ ಏಕೈಕ ಸಂತಾನ,
ರಾಜೇಂದ್ರ, ಹುಂಚ