ಒಂಬತ್ತನೆಯ ತಟ್ಟೆ

ಹ್ಯಾಮ್‌ಟ್ರಾಮಕ್, ಮಿಶಿಗನ್
ಡಿಸೆಂಬರ್ 6, 1994

ಹಲೀನಾಳಿಗೆ ಅಮ್ಮ ಬರೆಯುವುದು.

ನಾನು ಬದುಕಿದ್ದೇನೆ. ಮೊಣಕಾಲು ನೋವು ಇದ್ದ ಹಾಗೇ ಇದೆ. ನೀನು ಕೇಳಲಿಲ್ಲ, ಆದರೂ ಹೇಳಿದೆ.

ನಿನ್ನ ಕಾಗದ ಬಂತು. ನಾಲ್ಕೇ ಸಾಲು. ಯುದ್ಧ ಬಂದು ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವಳು ನಾನು. ನಾನೇ ಇದಕ್ಕಿಂತ ಉದ್ದ ಬರೆಯುತ್ತೇನೆ. ಕ್ರಿಸ್‌ಮಸ್ ಹಿಂದಿನ ಸಂಜೆಯ ಊಟವನ್ನು ಈ ಸಲ ಕ್ಲೀವ್‌ಲ್ಯಾಂಡಿನ ನಿನ್ನ ಮನೆಯಲ್ಲೇ ಮಾಡುತ್ತೀಯಂತೆ, ಬೀಟ್‌ರೂಟ್ ಸಾರು ಪ್ರತಿ ಸಲವೂ ಕಂದು ಬಣ್ಣಕ್ಕೆ ತಿರುಗುತ್ತದಂತೆ, ಮಾಡುವ ರೀತಿ ಬರೆದು ಕಳಿಸಬೇಕಂತೆ. ಕೊನೆಯ ಸಾಲು: "ನಾನು ಬರಲ್ಲ, ತಲೆ ಎಣಿಸೋ ಕಷ್ಟ ನಿನಗೆ ಬೇಡ." ಇಷ್ಟು ಚುಚ್ಚಿ ಬರೆಯುವುದನ್ನು ಯಾರಿಂದ ಕಲಿತೆ ಎಂದು ಕೇಳುವುದಿಲ್ಲ. ನನಗೆ ಗೊತ್ತು.

ಸಾರಿನ ವಿಷಯ ಮೊದಲು ಮುಗಿಸುತ್ತೇನೆ. ಹದಿನೇಳನೆಯ ತಾರೀಖಿಗೆ ಬೀಟ್‌ರೂಟನ್ನು ಸಿಪ್ಪೆ ತೆಗೆದು ಹೋಳು ಮಾಡಿ ಭರಣಿಗೆ ಹಾಕು. ಬೆಳ್ಳುಳ್ಳಿ ಜಜ್ಜಿ ಹಾಕು, ಉಪ್ಪು ಬೆರೆಸಿದ ಉಗುರುಬೆಚ್ಚಗಿನ ನೀರು ಮುಳುಗುವಷ್ಟು ಹೊಯ್ಯಿ, ಮೇಲೆ ರೈ ರೊಟ್ಟಿಯ ಒಣಗಿದ ಅಂಚು ಒಂದು ತುಂಡು. ಬಟ್ಟೆ ಕಟ್ಟಿ ಒಲೆಯ ಹತ್ತಿರ ಇಡು. ಬೂಸ್ಟು ಬಂದರೆ ಹೌಹಾರಿ ಚೆಲ್ಲಬೇಡ, ಚಮಚದಲ್ಲಿ ತೆಗೆದು ಹಾಕು. ಏಳು ದಿನಕ್ಕೆ ಹುಳಿ ಬರುತ್ತದೆ. ಒಣ ಅಣಬೆಯನ್ನು ರಾತ್ರಿಯೇ ನೆನೆಹಾಕು, ಬೇಯಿಸಿ ನೀರು ಬಸಿದುಕೋ. ಅಣಬೆಯನ್ನು ಈರುಳ್ಳಿ ಜೊತೆ ಹುರಿದು, ಸಾರಿಗೆ ಹಾಕುವ ಪುಟ್ಟ ಕಿವಿಕಡುಬಿಗೆ ತುಂಬು. ಕಣಕ ತೆಳ್ಳಗಿರಲಿ, ನಿನ್ನ ಅತ್ತಿಗೆ ಲಟ್ಟಿಸುವ ಹಾಗೆ ಚಪ್ಪಲಿಯ ಅಟ್ಟೆ ಮಾಡಬೇಡ. ಕೊನೆಗೆ ಅಣಬೆ ನೀರು ಬಿಸಿಮಾಡಿ, ಉರಿ ಸಣ್ಣದು ಮಾಡಿ, ಆಮೇಲೆ ಭರಣಿಯ ಹುಳಿನೀರು ಸೋಸಿ ಹೊಯ್ಯಿ. ಹೊಯ್ದ ಮೇಲೆ ಕುದಿಸಬಾರದು. ಒಂದೇ ಒಂದು ಕುದಿ ಬಂದರೂ ಕೆಂಪು ಸತ್ತು ಕಂದಾಗುತ್ತದೆ.

ಇದನ್ನು ನಿನ್ನ ಮದುವೆಯಲ್ಲಿ ಬರೆದುಕೊಟ್ಟ ಚೀಟಿಯಲ್ಲಿ ಹಾಕಿರಲಿಲ್ಲ. ಮರೆತದ್ದಲ್ಲ. ಸಾರು ಕೆಟ್ಟಾಗ ಅಮ್ಮನನ್ನು ಕೇಳಲು ಬರಲಿ ಎಂದು ಬಿಟ್ಟೆ. ನೀನು ಹತ್ತೊಂಬತ್ತು ವರ್ಷ ಕಂದು ಸಾರು ಕುಡಿದೆ, ಕೇಳಲಿಲ್ಲ.

ನನಗೆ ಯಾರೂ ಚೀಟಿ ಬರೆದುಕೊಡಲಿಲ್ಲ. ಹದಿನಾಲ್ಕರವರೆಗೆ ಅಮ್ಮನ ಪಕ್ಕ ನಿಂತು ಕಲಿತದ್ದು. ಆಮೇಲೆ ಜರ್ಮನರು ಎಳೆದುಕೊಂಡು ಹೋಗಿ ಅವರ ಹೊಲದಲ್ಲಿ ದುಡಿಸಿದರು. ಅಲ್ಲಿ ಮೊದಲ ಕ್ರಿಸ್‌ಮಸ್ಸಿಗೆ ಹಸುಗಳಿಗಿಟ್ಟ ಬೀಟ್‌ರೂಟು ಕದ್ದು, ಡಬ್ಬದಲ್ಲಿ ಹುಳಿ ಬರಿಸಿ, ಕೊಟ್ಟಿಗೆಯಲ್ಲಿ ನಾವು ಆರು ಹುಡುಗಿಯರು ಕುಡಿದೆವು. ಅದೂ ಕೆಂಪಗೇ ಇತ್ತು. ಯುದ್ಧ ಮುಗಿದ ಮೇಲೆ ಊರಿಗೆ ಹೋಗಲಿಲ್ಲ. ನಿರಾಶ್ರಿತರ ಶಿಬಿರದಲ್ಲಿ ನಿನ್ನ ಅಪ್ಪ ಸಿಕ್ಕಿದ, ಹಡಗು ಹತ್ತಿದೆವು. ಇಲ್ಲಿ ಅವನಿಗೆ ಕಾರ್ಖಾನೆ, ನನಗೆ ಚರ್ಚಿನ ಅಡುಗೆಮನೆ. ನನ್ನಮ್ಮ ಸಾಯುವವರೆಗೂ ಪ್ರತಿ ವರ್ಷ ಆ ಸಂಜೆ ಮೇಜಿನ ಮೇಲೆ ನನಗೆಂದು ಒಂದು ಖಾಲಿ ತಟ್ಟೆ ಇಡುತ್ತಿದ್ದಳಂತೆ. ತಂಗಿ ಬರೆದಿದ್ದಳು. ಕರೆಯದೆ ಬರುವ ಅತಿಥಿಗೆಂದು ಎಲ್ಲರೂ ಇಡುತ್ತಾರೆ. ಅಮ್ಮ ಹೆಸರು ಹೇಳಿ ಇಡುತ್ತಿದ್ದಳು.

ಈಗ ಕಳೆದ ವರ್ಷದ ಮಾತು. ನೀನು ಎತ್ತಲಿಲ್ಲ, ನಾನೇ ಎತ್ತುತ್ತೇನೆ.

ಗಂಡನನ್ನು ಬಿಟ್ಟ ಮೇಲೆ ಏಳು ವರ್ಷ ನೀನು ಈ ಮನೆಯ ಹೊಸಿಲು ತುಳಿದಿರಲಿಲ್ಲ. ಬರಬೇಡ ಎಂದು ನಾನು ಹೇಳಿರಲಿಲ್ಲ, ಬಾ ಎಂದೂ ಹೇಳಿರಲಿಲ್ಲ. ಮೊದಲ ನಕ್ಷತ್ರ ಕಂಡು ಊಟಕ್ಕೆ ಕೂತಿದ್ದೆವು. ನಾನು, ಅಪ್ಪ, ನಿನ್ನ ಅಣ್ಣ ರೋಮೆಕ್, ಅವನ ಹೆಂಡತಿ, ಎರಡು ಮಕ್ಕಳು, ಪಕ್ಕದ ಮನೆಯ ಕ್ರುಕ್, ಅವನ ಹೆಂಡತಿ. ಎಂಟು ಜನ. ಖಾಲಿ ತಟ್ಟೆ ಒಂಬತ್ತನೆಯದು. ಸಾರು ಬಡಿಸುತ್ತಿದ್ದಾಗ ಬಾಗಿಲ ಗಂಟೆ ಹೊಡೆಯಿತು. ಬೂಟಿನ ತುಂಬ ಹಿಮ ಮೆತ್ತಿಕೊಂಡು ನೀನು ನಿಂತಿದ್ದೆ.

"ಅತಿಥಿ ಬಂದಿದೀನಿ ಅಮ್ಮ. ತಟ್ಟೆ ಇಟ್ಟಿದೀಯಲ್ಲ?" ಎಂದೆ.

ನಾನು ಎಣಿಸಿದೆ. "ಎಂಟು ಜನ ಇದೀವಿ. ನೀನು ಕೂತ್ರೆ ಒಂಬತ್ತು. ಬೆಸ ಆದ್ರೆ ವರ್ಷದೊಳಗೆ ಒಬ್ರು ಕಮ್ಮಿ ಆಗ್ತಾರೆ, ಗೊತ್ತಿಲ್ವಾ ನಿಂಗೆ? ಅಡುಗೆಮನೇಲಿ ಕೂತ್ಕೋ, ಅಲ್ಲಿಗೇ ತಂದ್ಕೊಡ್ತೀನಿ."

ನೀನು ಕೋಟು ಬಿಚ್ಚದೇ ಅಡುಗೆಮನೆಗೆ ಹೋದೆ. ಅಪ್ಪ ಚಮಚ ಕೆಳಗಿಟ್ಟ. ಊಟದ ಮಧ್ಯೆ ಬಡಿಸುವವಳ ಹೊರತು ಮೊದಲು ಎದ್ದವರೇ ವರ್ಷದೊಳಗೆ ಲೋಕ ಬಿಟ್ಟು ಹೋಗುತ್ತಾರೆಂಬುದು ಅವನಿಗೂ ಗೊತ್ತಿತ್ತು. ಕ್ರುಕ್‌ನ ಹೆಂಡತಿ ಅವನ ತೋಳು ಹಿಡಿದಳು. "ಏಳ್ಬೇಡಿ ಫೆಲಿಕ್ಸಣ್ಣ, ನಿಮ್ಮ ದಮ್ಮಯ್ಯ."

"ಬಿಡಮ್ಮ, ಕೂತು ಕೂತು ಕಾಲು ಜೋಮು ಹಿಡೀತು" ಎಂದ ಅಪ್ಪ. ನನ್ನ ಕಡೆ ತಿರುಗಿ, "ಗೆನ್ಯಾ, ಈಗ ಮೇಜಿಗೆ ಏಳೇ ಜನ. ಎಣಿಸ್ತಾ ಕೂತಿರು" ಎಂದ. ತನ್ನ ತಟ್ಟೆ ಎತ್ತಿಕೊಂಡು ನಿನ್ನ ಹತ್ತಿರ ಬಂದ. ಆಮೇಲೆ ಅಡುಗೆಮನೆಯಿಂದ ನಗು ಕೇಳಿಸಿತು. ಏನೆಂದು ನಕ್ಕಿರೋ ಇವತ್ತಿಗೂ ನನಗೆ ಗೊತ್ತಿಲ್ಲ. ನಾವು ಇಲ್ಲಿ ಮೀನು ತಿಂದೆವು, ಯಾರಿಗೂ ಮುಳ್ಳು ಬಿಡಿಸುವಷ್ಟು ಗಮನವಿರಲಿಲ್ಲ.

ಫೆಬ್ರವರಿಯಲ್ಲಿ ಅವನು ಹೋದ. ನಿನಗೆ ಫೋನ್ ಬರುವಾಗ ಎಲ್ಲ ಮುಗಿದಿತ್ತು. ಚರ್ಚಿನ ಮೆಟ್ಟಿಲ ಮೇಲೆ, ಇಡೀ ಬೀದಿ ನಿಂತಿರುವಾಗ, ನಾನು ನಿನಗೆ ಹೇಳಿದೆ: "ನಿನಗೋಸ್ಕರ ಎದ್ದ. ಎದ್ದೋನು ಹೋದ. ಈಗ ಸಮಾಧಾನ ಆಯ್ತಾ?" ನಿನ್ನ ಮುಖ ಸುಣ್ಣದ ಹಾಗಾಯಿತು. ನೀನು ತಿರುಗಿ ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು.

ಅವನಿಲ್ಲದೆ ಈ ವರ್ಷ ನಾವು ಏಳು. ಮತ್ತೆ ಬೆಸ. "ಎಂಟನೆಯವಳು ನಿನ್ನ ಮಗಳೇ ಇದಾಳಲ್ಲಮ್ಮ, ಒಂದು ಫೋನ್ ಮಾಡಿದ್ರೆ ನಿನ್ನ ಗಂಟೇನು ಹೋಗತ್ತೆ?" ಎಂದ ರೋಮೆಕ್. ಬಾಯಿ ಮುಚ್ಚು ಎಂದೆ. ಕ್ರುಕ್‌ನ ನಾದಿನಿಯನ್ನು ಕರೆದಿದ್ದೇನೆ. ಮೈಯೆಲ್ಲ ನುಸಿಗುಳಿಗೆ ವಾಸನೆ, ಊಟದ ಉದ್ದಕ್ಕೂ ತನ್ನ ಪಿತ್ತಕೋಶದ ಕಥೆ ಹೇಳುತ್ತಾಳೆ. ಹೇಳಲಿ. ಎಂಟಾದರೆ ಸಾಕು.

ಲಕೋಟೆಯಲ್ಲಿ ಒಪ್ವಾಟೆಕ್ ಇಟ್ಟಿದ್ದೇನೆ. ಪಾದ್ರಿ ಮಂತ್ರಿಸಿ ಕೊಟ್ಟ ಬಿಳಿ ರೊಟ್ಟಿಹಾಳೆ, ಊಟಕ್ಕೆ ಮುಂಚೆ ಮುರಿದು ಹಂಚಿಕೋ. ದೂರ ಕಳಿಸುವವರು ತಾವು ಒಂದು ಮೂಲೆ ಮುರಿದು ತಿಂದು, ತಪ್ಪಾಗಿದ್ದರೆ ಕ್ಷಮಿಸು ಎಂದುಕೊಂಡು ಕಳಿಸುತ್ತಾರೆ. ನಾನು ಮುರಿದಿಲ್ಲ. ಇಡಿಯಾಗಿದೆ. ನಿನ್ನಿಂದ ನನಗೇನೂ ಬೇಕಾಗಿಲ್ಲ.

ಸಾರು ಕುದಿಸಬೇಡ.

ನಿನ್ನ ಹೆತ್ತವಳು,
ಗೆನೊವೆಫಾ

ಮರೆತದ್ದು: ಮರೆತದ್ದಲ್ಲ, ಬಿಟ್ಟದ್ದು. ಲಕೋಟೆ ಅಂಟಿಸಿ ಎರಡು ದಿನ ಕಪಾಟಿನ ಮೇಲೆ ಇಟ್ಟಿದ್ದೆ. ಇವತ್ತು ಕೆಟಲಿನ ಆವಿ ಹಿಡಿದು ಬಿಚ್ಚಿದೆ. ಅಪ್ಪನ ಕಾಯಿಲೆ ಏನೆಂದು ಡಾಕ್ಟರು ಹೋದ ವರ್ಷ ಅಕ್ಟೋಬರಿನಲ್ಲೇ ನಮ್ಮಿಬ್ಬರನ್ನೂ ಕೂರಿಸಿ ಹೇಳಿದ್ದರು. ಈಸ್ಟರ್ ನೋಡುವುದಿಲ್ಲ ಎಂದರು. ನಿನಗೆ ಹೇಳೋಣ ಎಂದು ಅವನು ಗೋಗರೆದ. ನಾನು ಶಿಲುಬೆ ಮುಟ್ಟಿಸಿ ಆಣೆ ಹಾಕಿಸಿದೆ. ಆಣೆ ಮೀರಿ ಹೇಳಲಾರದೆ, ಅವನು ಕ್ರುಕ್ ಮನೆಯಿಂದ ಫೋನ್ ಮಾಡಿ ನಿನ್ನನ್ನು ಆ ಸಂಜೆಯ ಊಟಕ್ಕೆ ಕರೆದ. ಹಾಗಾಗಿ ಎಂಟಕ್ಕೂ ಒಂಬತ್ತಕ್ಕೂ, ಅವನು ಎದ್ದಿದ್ದಕ್ಕೂ ಕೂತಿದ್ದಕ್ಕೂ ಏನೂ ಸಂಬಂಧವಿಲ್ಲ. ಗೊತ್ತಿದ್ದೇ ನಾನು ಎಣಿಸಿದೆ. ಗೊತ್ತಿದ್ದೇ ಮೆಟ್ಟಿಲ ಮೇಲೆ ನಿನಗೆ ಹಾಗೆಂದೆ.

ಒಪ್ವಾಟೆಕ್‌ನ ಒಂದು ಮೂಲೆ ಈಗ ಇಲ್ಲ. ಅಂಚೆಯವರು ಮುರಿದರೆಂದುಕೊಳ್ಳಬೇಡ. ಬಾ ಎಂದು ಬರೆಯಲು ನನಗೆ ಮುಖವಿಲ್ಲ, ಬರೆಯುವುದೂ ಇಲ್ಲ. ಕ್ರುಕ್‌ನ ನಾದಿನಿಯನ್ನು ಕರೆದಿದ್ದೇನೆ ಎಂದದ್ದು ಸುಳ್ಳು, ಅವಳಿಗೆ ಇನ್ನೂ ಹೇಳಿಲ್ಲ.